ತಾತ್ಯಾಸಾಹೇಬರ ಕಾಲೇಜು ತಪಾಸಣೆ

ಶಿರಗುಪ್ಪಿಯ ಬ್ರಾಹ್ಮಿಗೆ ಫಿಜಿಷಿಯನ್ ಅಸಿಸ್ಟಂಟ್ ಎಂ.ಎಸ್‌ಸಿ.ಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಕೊಲ್ಹಾಪುರದಲ್ಲಿ, ಇನ್ನೊಂದು ಬೆಳಗಾವಿಯಲ್ಲಿ. ಯಾವುದನ್ನು ಆರಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಮನೆಯವರಿಗೆ ಅದು ಎಂಥ ಓದೆಂದೇ ತಿಳಿದಿರಲಿಲ್ಲ.

“ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಮತ್ತ ಏನ ಆಗ್ತೀ ಬೇ?” ಎಂದು ಅಜ್ಜಿ ಚಂದ್ರಮತಿ ಕೇಳಿದಳು.

“ಪೇಷಂಟನ್ನ ಮೊದಲ ನಾ ನೋಡ್ತೀನಿ ಆಯಿ. ಏನಾಗೈತಿ ಕೇಳ್ತೀನಿ, ತಪಾಸಣಿ ಮಾಡ್ತೀನಿ, ಆಪರೇಷನ್‌ದಾಗ ಡಾಕ್ಟರ ಜೋಡಿ ನಿಂದರ್ತೀನಿ.”

“ಅಂದ್ರ ಕೆಲಸ ನಿಂದು, ಫೀ ಅವಂದು.”

ದೊಡ್ಡಪ್ಪ ತಾತ್ಯಾಸಾಹೇಬರು ಎದ್ದು ಟೋಪಿ ಹಾಕಿಕೊಂಡರು. “ಕಬ್ಬಿನ ಬೀಜಾನ ನೋಡದ ತಗೊಳ್ಳಂಗಿಲ್ಲ ನಾವು. ಎರಡೂ ಕಾಲೇಜ ನೋಡೂಣು, ನಡಿ.”

ಕೊಲ್ಹಾಪುರದ ಕಾಲೇಜು ಅವರ ಮನಸ್ಸು ಗೆದ್ದಿತು. ಜೈನರಾದ ಅವರಿಗೆ ಬೇಕಾದಂತೆ ಮೆಸ್ಸಿನಲ್ಲಿ ಉಳ್ಳಾಗಡ್ಡಿ ಇಲ್ಲ, ಹೊತ್ತು ಮುಳುಗುವ ಮೊದಲೇ ಊಟ. ಆದರೆ ಲ್ಯಾಬಿನ ಅಭ್ಯಾಸದ ಬೊಂಬೆಗಳ ಮೈಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ವಾರ್ಡಿಗೆ ಯಾವಾಗ ಕಳಿಸುತ್ತೀರಿ ಎಂದು ಬ್ರಾಹ್ಮಿ ಕೇಳಿದ್ದಕ್ಕೆ ಮುಖ್ಯಸ್ಥರು “ಬಘೂಯಾ, ಬಘೂಯಾ” ಎಂದು, ನೋಡೋಣವೆಂಬುದನ್ನು ಮರಾಠಿಯಲ್ಲೇ ಹೇಳಿ, ಬಿಸ್ಕಿಟು ಮುಂದೆ ಸರಿಸಿದರು.

ಮರುದಿನ ಬೆಳಗಾವಿ. ಗೋಡೆಗೆ ಬಣ್ಣವಿಲ್ಲ, ಮೆಸ್ಸಿನ ಬಾಗಿಲಲ್ಲೇ ಉಳ್ಳಾಗಡ್ಡಿ ವಾಸನೆ. ತಾತ್ಯಾಸಾಹೇಬರು ಮುಖ ಸಿಂಡರಿಸಿಕೊಂಡು ಆಸ್ಪತ್ರೆಯ ಪಡಸಾಲೆಯಲ್ಲಿ ನಡೆಯುತ್ತಿದ್ದರು. ಆಗ ರಕ್ತದ ಬ್ಯಾಂಡೇಜಿನವನೊಬ್ಬನನ್ನು ಸ್ಟ್ರೆಚರ್‌ನಲ್ಲಿ ತಂದರು. ತಾತ್ಯಾಸಾಹೇಬರು ಗೋಡೆಗೆ ಒರಗಿ ಮೆಲ್ಲಗೆ ಕೆಳಗೆ ಜಾರಿದರು.

ಕಣ್ಣು ಬಿಟ್ಟಾಗ ಅವರು ಮಂಚದ ಮೇಲಿದ್ದರು. ಅದೇ ಕೋರ್ಸಿನ ವಿದ್ಯಾರ್ಥಿನಿ, ಅಥಣಿಯ ರೂಪಾಲಿ, ಬೆರಳು ಚುಚ್ಚಿ ಶುಗರ್ ನೋಡಿ ನಾಡಿ ಹಿಡಿದಿದ್ದಳು. ಬ್ರಾಹ್ಮಿ ಪಕ್ಕದಲ್ಲೇ ನಿಂತಿದ್ದಳು.

“ಮುಂಜಾನೆ ಏನ ತಿಂದೀರಿ ಕಾಕಾ?”

“ಎರಡ ಇಡ್ಲಿ.”

“ಬರೇ ಇಡ್ಲಿಗೆ ಶುಗರ್ ಇಷ್ಟ ಏರತೈತಿ? ಖರೇ ಹೇಳ್ರಿ.”

ತಾತ್ಯಾಸಾಹೇಬರು ದನಿ ತಗ್ಗಿಸಿದರು. “ಚಿಕ್ಕೋಡಿ ಸ್ಟ್ಯಾಂಡಿನ್ಯಾಗ, ಇಕಿ ಬಸ್ಸಿನ್ಯಾಗ ಕುಂತಿದ್ದಾಗ... ಬಟಾಟಿ ವಡಾ. ಮ್ಯಾಲ ಜಿಲೇಬಿ.”

ಬ್ರಾಹ್ಮಿ ಬಾಯಿ ತೆರೆದವಳು ಮುಚ್ಚಲಿಲ್ಲ. ಅವರ ಅಪ್ಪಟ ಜೈನ ಮನೆಯ ಹೊಸ್ತಿಲನ್ನು ನೆಲದಡಿ ಬೆಳೆಯುವ ಆಲೂಗಡ್ಡೆ ಎಂದೂ ದಾಟಿರಲಿಲ್ಲ.

“ಶುಗರಿನ ಗುಳಿಗಿ?”

“ದೀಪಾವಳಿಗೇ ಬಿಟ್ಟೀನಿ.”

ರೂಪಾಲಿ ನಗಲಿಲ್ಲ, ಬಯ್ಯಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಬಂದ ಡಾಕ್ಟರಿಗೆ ಎಲ್ಲವನ್ನೂ ಒಪ್ಪಿಸಿದಳು. ಅವರು ತಾವೂ ಒಮ್ಮೆ ಪರೀಕ್ಷಿಸಿ, ಅವಳು ಹೇಳಿದ್ದು ಸರಿ ಎಂದು ಔಷಧಿ ಬರೆದರು.

“ನಿಮಗ ವಾರ್ಡಿಗೆ ಯಾವಾಗ ಕಳಸಿದ್ರು?” ಬ್ರಾಹ್ಮಿ ಕೇಳಿದಳು.

“ಬಂದ ವಾರದಾಗನ. ಮೊದಲನೇ ಪೇಷಂಟ್ ನನ್ನ ನೋಡಿ ಹೆದರಿ ಅತ್ತ. ಅವನ ನೋಡಿ ನಾನೂ ಅತ್ತೆ. ಮೇಡಮ್ಮೋರು ಇಬ್ಬರಿಗೂ ನೀರ ಕೊಟ್ಟು, ಮತ್ತ ಮೊದಲಿಂದ ಕೇಳಂದ್ರು.”

ಬ್ರಾಹ್ಮಿಗೆ ಇನ್ನೇನೂ ಕೇಳಬೇಕೆನಿಸಲಿಲ್ಲ. ಕಲಿಯುವುದಾದರೆ ಇಲ್ಲೇ.

ವಾಪಸಿನ ಬಸ್ಸಿನಲ್ಲಿ ತಾತ್ಯಾಸಾಹೇಬರು ಬ್ರಾಹ್ಮಿಯತ್ತ ವಾಲಿದರು. “ಕಾಲೇಜ ನಿನಗ ಬೇಕಾದ್ದ ಆರಿಸ್ಕೊ ಮಗಳ. ಆದ್ರ ಆ ವಡಾದ ಮಾತು...”

“ಪೇಷಂಟ್ ಹೇಳಿದ್ದು ಹೊರಗ ಹೋಗಂಗಿಲ್ರಿ ತಾತ್ಯಾ. ಗುಳಿಗಿ ಮಾತ್ರ ಇವತ್ತಿಂದ ಚಾಲೂ.”

ಮನೆಯಲ್ಲಿ ಅವರು ಬೆಳಗಾವಿಯನ್ನು ಹೊಗಳಿದ್ದೇ ಹೊಗಳಿದ್ದು. “ಮಲಗಿ ನೋಡೇನಿ, ಮಂಚಾ ಸುದ್ದಾ ಗಟ್ಟಿ ಅದಾವು!” ಎಂದು ಅಜ್ಜಿಗೆ ಹೇಳಿದರು. ಪ್ರವೇಶದ ದಿನ ಬ್ರಾಹ್ಮಿಯ ಅಡುಗೆಗೆಂದು ಸ್ಟೋವು, ಹಿಟ್ಟು, ಬೇಳೆ ಎಲ್ಲವನ್ನೂ ತಾವೇ ಹೊತ್ತು ತಂದು ರೂಮಿಗೆ ಇಳಿಸಿದರು. ಆಸ್ಪತ್ರೆಯ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ.