ಎಡಕ್ಕೇ ಎಳೆಯುವ ಕಂಟ್ರೋಲರ್

ನಾನು ಒಂದು ಗೇಮ್ ಕಂಟ್ರೋಲರ್. ತೆಪ್ಪಗೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಯೊಳಗೆ ಎರಡು ಪುಟ್ಟ ಮೋಟಾರುಗಳನ್ನು ಕೂರಿಸಿ, ಒಂದೊಂದಕ್ಕೂ ಒಂದೇ ಪಕ್ಕಕ್ಕೆ ಭಾರವಿರುವ ಬಿಲ್ಲೆ ಸಿಕ್ಕಿಸಿದರು. ಅದು ತಿರುಗಿದರೆ ಮೈಯೆಲ್ಲ ನಡುಕ. ಪರದೆಯ ಮೇಲೆ ಯಾರೋ ಯಾರಿಗೋ ಗುದ್ದಿದರೆ ಇಲ್ಲಿ ನಡುಗಬೇಕಾದವನು ನಾನು. ಎಂಥ ಜನ್ಮ ನೋಡಿ!

ಹಡಗು, ಲಾರಿ, ಗೋದಾಮು ಎಂದು ಅಲೆದು ಕೊನೆಗೆ ಬಂದು ಬಿದ್ದದ್ದು ಹಳೇ ಹುಬ್ಬಳ್ಳಿಯ ಕಲ್ಲಪ್ಪನ ಗೇಮ್ ಸೆಂಟರಿಗೆ. ಅಲ್ಲಿ ಎಲ್ಲರಿಗೂ ಒಂದೇ ಆಟದ ಹುಚ್ಚು. ಮೂಳೆಯೇ ಇಲ್ಲದ, ನಾದಿದ ಹಿಟ್ಟಿನಂಥ ನಾಲ್ಕು ಗೊಂಬೆಗಳು ತಾರಸಿಯ ಮೇಲೆ ಬಡಿದಾಡುತ್ತವೆ. ಕೈಗೆ ಸಿಕ್ಕಿದ್ದೇ ಆಯುಧ: ಬಾಣಲೆ, ಸೈಕಲ್ಲು, ಗ್ಯಾಸ್ ಸಿಲಿಂಡರು. ಒಬ್ಬನನ್ನು ತಳ್ಳಿದರೆ ಅವನು ಇನ್ನೊಬ್ಬನ ಕಾಲು ಹಿಡಿಯುತ್ತಾನೆ, ಇಬ್ಬರೂ ಹೋಗಿ ನೀರಿನ ಟ್ಯಾಂಕಿಗೆ ಬಡಿಯುತ್ತಾರೆ, ಟ್ಯಾಂಕು ಮೂರನೆಯವನನ್ನೂ ಕರೆದುಕೊಂಡು ಕೆಳಗೆ ಉರುಳುತ್ತದೆ. ತಾರಸಿಯ ಮೇಲೆ ಉಳಿದವನು ಗೆದ್ದ. ಬಿದ್ದವರು ಮೂರು ಎಣಿಸುವುದರಲ್ಲಿ ಮುಂದಿನ ಸುತ್ತಿಗೆ ಮತ್ತೆ ಮೇಲೆ ಪ್ರತ್ಯಕ್ಷ. ಕಾಲೇಜು ಹುಡುಗರ ಬೆವರುಗೈಗಳಲ್ಲಿ ನಾನು ದಿನಕ್ಕೆ ನೂರು ಸಲ ಸಾಯುತ್ತಿದ್ದೆ, ನೂರು ಸಲ ಹುಟ್ಟುತ್ತಿದ್ದೆ.

ಆಯುಧಪೂಜೆಯ ದಿನ ನನ್ನ ಗ್ರಹಚಾರ ಕೆಟ್ಟಿತು. ಕಲ್ಲಪ್ಪನ ತಂಗಿ ಶಿವಲೀಲಾ ಆಟೊ ಓಡಿಸುವವಳು. ಗಟ್ಟಿ ಹೆಂಗಸು, ಗಟ್ಟಿ ಬಾಯಿ. ಅವತ್ತು ಆಟೊಗೆ ಬಾಳೆಕಂದು ಕಟ್ಟಿ ಅಂಗಡಿಯ ಮುಂದೆ ನಿಲ್ಲಿಸಿ, ಪೂಜೆಯ ಯಜಮಾನಿಕೆಯನ್ನೂ ತಾನೇ ವಹಿಸಿಕೊಂಡಳು. ನಮ್ಮನ್ನೆಲ್ಲ ಮಣೆಯ ಮೇಲೆ ಸಾಲಾಗಿ ಮಲಗಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಏರಿಸಿದಳು. ಕಾಯಿ ಒಡೆದವಳೇ ಆಟೊದ ಮೇಲೆ ಚಿಮುಕಿಸಿದಂತೆ ಕಾಯಿನೀರನ್ನು ನಮ್ಮ ಮೇಲೂ ಚಿಮುಕಿಸಿದಳು.

“ಏ ತಂಗಿ, ಕರೆಂಟಿನ ಸಾಮಾನ ಅದಾವ ಅವು!” ಎಂದು ಕಲ್ಲಪ್ಪ ಓಡಿ ಬಂದ.

“ಮತ್ತ ನನ್ನ ಆಟೊ ಏನ ಕಟಗೀದೈತೇನು? ದೇವರ ನೀರಿಗೆ ಏನೂ ಆಗೂದಿಲ್ಲ, ಸುಮ್ನಿರಣ್ಣಾ.”

ಆಟೊಗೆ ಏನೂ ಆಗಲಿಲ್ಲ, ನಿಜ. ನನಗಾಯಿತು. ಆ ಸಿಹಿ ಕಾಯಿನೀರು ಕುಂಕುಮದ ಜೊತೆ ಕಲಸಿಕೊಂಡು, ಗೊಂಬೆಯನ್ನು ನಡೆಸುವ ನನ್ನ ಎಡಗಡೆಯ ಕಡ್ಡಿಯ ಬುಡಕ್ಕೆ ಇಳಿದು ಅಂಟಾಗಿ ಒಣಗಿತು. ಅಂದಿನಿಂದ ಯಾರೂ ಮುಟ್ಟದಿದ್ದರೂ ನನ್ನ ಕಡ್ಡಿ ಎಡಕ್ಕೇ ಎಳೆಯತೊಡಗಿತು. ನನ್ನ ಗೊಂಬೆ ಯಾರ ತಂಟೆಗೂ ಹೋಗದೆ ನೆಟ್ಟಗೆ ಎಡಕ್ಕೆ ನಡೆದು ತಾರಸಿಯಿಂದ ತಾನೇ ಬೀಳುತ್ತಿತ್ತು. “ಇದಕ್ಕ ಹುಚ್ಚ ಹಿಡದೈತಿ” ಎಂದು ಹುಡುಗರು ನನ್ನನ್ನು ಮೂಲೆಗೆ ಸರಿಸಿದರು. ತಪ್ಪು ಯಾರದೋ, ಬೈಗುಳ ನನಗೆ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಶಿವಲೀಲಾಳ ಆಟೊ ಮಗುಚಿತು. ಮಾರ್ಕೆಟ್ಟಿನ ತಿರುವಿನಲ್ಲಿ ಹಂದಿಯೊಂದು ಅಡ್ಡ ಬಂದಿತ್ತಂತೆ. ಹಿಂದೆ ಕೂತಿದ್ದ ಅಜ್ಜಿಗೆ ಮೊಳಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಶಿವಲೀಲಾಳ ಎಡಗೈ ಹೆಬ್ಬೆರಳಿನ ಬುಡ ಮುರಿಯಿತು. ಎಲುಬು ಕೂಡಿತು, ಬಲ ಬರಲಿಲ್ಲ. ಆಟೊದಲ್ಲಿ ಕ್ಲಚ್ಚು, ಗೇರು ಎರಡೂ ಎಡಗೈಯದೇ. ಡಾಕ್ಟರು ಹಿಚುಕಲು ಕೊಟ್ಟ ರಬ್ಬರ್ ಚೆಂಡನ್ನು ಅವಳು ಎರಡೇ ದಿನಕ್ಕೆ ಮಂಚದ ಕೆಳಗೆ ಒದ್ದಳು. ಬಾಗಿಲಿಗೆ ಹೋಗಿ ತಾಡಪಾಲು ಹೊದ್ದ ಆಟೊ ನೋಡುವುದು, ಒಳಗೆ ಬರುವುದು, ಮತ್ತೆ ಬಾಗಿಲಿಗೆ ಹೋಗುವುದು. ಇದೇ ಅವಳ ದಿನಚರಿ.

ಅವಳ ಚಡಪಡಿಕೆ ನೋಡಲಾರದೆ ಕಲ್ಲಪ್ಪ ಸೆಂಟರಿನ ಒಂದು ಹಳೆಯ ಆಟದ ಯಂತ್ರವನ್ನೂ ಎರಡು ಕಂಟ್ರೋಲರುಗಳನ್ನೂ ಮನೆಗೆ ತಂದ. ಒಳ್ಳೆಯದನ್ನು ಅವರ ತಾಯಿ ನೀಲವ್ವ ಮೊದಲೇ ಹಿಡಿದುಕೂತಳು. ಶಿವಲೀಲಾಳ ಪಾಲಿಗೆ ಬಂದವನು ನಾನು.

ನೀಲವ್ವನಂಥ ನಿರ್ದಯಿ ಆಟಗಾರ್ತಿಯನ್ನು ನಾನು ಸೆಂಟರಿನಲ್ಲೂ ಕಂಡಿರಲಿಲ್ಲ. ಎಪ್ಪತ್ತರ ಮುದುಕಿ ಮಗಳ ಗೊಂಬೆಯನ್ನು ಬಾಣಲೆಯಿಂದ ಬಡಿದು, ಕಾಲು ಹಿಡಿದು ದರದರ ಎಳೆದು ಕೆಳಗೆ ಒಗೆಯುತ್ತಿದ್ದಳು. ಮಗಳಿಗೆ ತಾಯಿಯ ಏಟು ತಪ್ಪಿಸುವುದಿರಲಿ, ನನ್ನ ಎಳೆತ ತಡೆಯುವುದೇ ದೊಡ್ಡ ಕೆಲಸ. ತಾರಸಿಯ ಮೇಲೆ ಬರೀ ನಿಲ್ಲಬೇಕೆಂದರೂ ನನ್ನ ಕಡ್ಡಿಯನ್ನು ಆ ಸೋತ ಹೆಬ್ಬೆರಳಿನಿಂದ ಬಲಕ್ಕೆ ಒತ್ತಿ ಹಿಡಿದಿರಬೇಕಿತ್ತು. ಮೊದಮೊದಲು ನೋವಿಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಹಟ ಮಾತ್ರ ಬಿಡಲಿಲ್ಲ.

“ಬಿದ್ದರ ಏನಾತು? ನೋಡಲ್ಲೆ, ಎದ್ದ ನಿಂತ,” ಎನ್ನುತ್ತಿದ್ದಳು ನೀಲವ್ವ.

“ಅವಂಗ ಎಲುವು ಇಲ್ಲಬೇ. ಹಿಂದ ಯಾರೂ ಕುಂತೂ ಇಲ್ಲ.”

ನೀಲವ್ವ ಆಗ ಮುಂದಿನ ಆಟ ಶುರುಮಾಡುತ್ತಿದ್ದಳು. ಆಟೊ ಮಗುಚುವಾಗ ಹಿಂದೆ ಕೂತಿದ್ದ ಆ ಅಜ್ಜಿ ಕಿರುಚಿದ್ದು ಶಿವಲೀಲಾಳ ಕಿವಿಯಿಂದ ಹೋಗಿರಲಿಲ್ಲ. ಮನೆಯವರಿಗೆಲ್ಲ ಅದು ಗೊತ್ತು. ಆಟೊ ಯಾವಾಗ ತೆಗೆಯುತ್ತೀ ಎಂದು ಕಲ್ಲಪ್ಪ ಕೇಳಿದಾಗಲೆಲ್ಲ ಅವಳು “ಕೈಯಾಗ ಕಸುವ ಇಲ್ಲಣ್ಣಾ” ಎಂದು ಹೆಬ್ಬೆರಳು ತೋರಿಸುತ್ತಿದ್ದಳು. ಮೂರು ತಿಂಗಳಾದರೂ ಅದೇ ಮಾತು. ದಿನವಿಡೀ ಆ ಹೆಬ್ಬೆರಳಿನ ಅಡಿಯಲ್ಲಿದ್ದ ನನಗೆ ಅದರ ಕಸುವು ಗೊತ್ತಿತ್ತು. ಹೇಳಲು ಬಾಯಿ ಬೇಕಲ್ಲ.

ಒಂದು ಮಧ್ಯಾಹ್ನ ಅವಳು ನೀರು ತರಲು ಹೋದಾಗ ಕಲ್ಲಪ್ಪ ನನ್ನನ್ನು ಬಿಚ್ಚಿದ. ತಂಗಿ ಕೆಟ್ಟ ಕಂಟ್ರೋಲರಿನಲ್ಲಿ ಒದ್ದಾಡುವುದು ಅವನಿಗೆ ಸಾಕಾಗಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ ಕುಂಕುಮದ ಅಂಟನ್ನೆಲ್ಲ ಒರೆಸಿ ಮುಚ್ಚಿದ. ಯಾರಿಗೂ ಹೇಳಲಿಲ್ಲ.

ಆಟ ಶುರುವಾಯಿತು. ಶಿವಲೀಲಾ ಎಂದಿನಂತೆ ಒತ್ತಿದಳು. ಗೊಂಬೆ ಬಲಕ್ಕೆ ಓಡಿಹೋಗಿ ತಾರಸಿಯಿಂದ ಧೊಪ್ಪನೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಲಕ್ಕೇ ಓಡಿ ಬಿತ್ತು. ಮೂರನೆಯ ಸಲ ಹೋಗುವಾಗ ನೀರಿನ ಟ್ಯಾಂಕನ್ನೂ ಕೆಡವಿಕೊಂಡು ಹೋಯಿತು.

“ಏನಾಗೇತಿದಕ್ಕ? ಬಲಕ್ಕ ಹೊಂಟೈತಲ್ಲ!”

“ಅದು ಈಗ ನೆಟ್ಟಗ ಐತಿ ತಂಗಿ. ರಿಪೇರಿ ಮಾಡೇನಿ,” ಎಂದ ಕಲ್ಲಪ್ಪ. “ಬಲಕ್ಕ ಒತ್ತಾಕತ್ತಾಕಿ ನೀನ.”

ಶಿವಲೀಲಾ ನನ್ನನ್ನು ಕೆಳಗಿಟ್ಟು ತನ್ನ ಹೆಬ್ಬೆರಳನ್ನೇ ನೋಡಿದಳು. ಇನ್ನು ತೋರಿಸಲು ಅವಳಲ್ಲಿ ನೆಪ ಉಳಿದಿರಲಿಲ್ಲ. ಬೆವರಿದ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ಹೊರಗೆ ಹೋದಳು. ತಾಡಪಾಲು ಎಳೆದ ಸದ್ದಾಯಿತು.

“ನೆಟ್ಟಗೈತೇನು ನೋಡೂಣು,” ಎಂದು ನನ್ನನ್ನು ಎತ್ತಿಕೊಂಡಿದ್ದ ನೀಲವ್ವ, ಆ ಸದ್ದು ಕೇಳಿ ನನ್ನನ್ನು ಹಿಡಿದುಕೊಂಡೇ ಹೊರಗೆ ಬಂದು ಆಟೊದ ಹಿಂದಿನ ಸೀಟಿನಲ್ಲಿ ಕೂತಳು.

“ನೀ ಯಾಕಬೇ? ಇಳಿ. ನಾ ಒಬ್ಬಾಕಿನ ಹೋಗಿ ಬರ್ತೀನಿ.”

“ಒಬ್ಬಾಕಿನ ಓಡಸಾಕ ಆಟೊ ಯಾಕ ಬೇಕು, ಸೈಕಲ್ ಸಾಕು. ಮಾರ್ಕೆಟ್ಟಿಗೆ ನಡಿ.”

ಎಡಗೈ ಕ್ಲಚ್ಚು ಹಿಡಿಯಿತು, ಗೇರು ಬಿತ್ತು. ಆಟೊ ಹೊರಟಿತು. ಶಿವಲೀಲಾ ಕನ್ನಡಿಯಲ್ಲಿ ಮತ್ತೆ ಮತ್ತೆ ತಾಯಿಯ ಮುಖ ನೋಡುತ್ತಿದ್ದಳು. ನೀಲವ್ವ ಜಾತ್ರೆಗೆ ಹೊರಟವಳಂತೆ ಆಚೀಚೆ ನೋಡುತ್ತ ಕೂತಿದ್ದಳು. ಆ ತಿರುವು ಬಂದಾಗ ಆಟೊ ನಿಧಾನವಾಯಿತು, ಇನ್ನೇನು ನಿಂತೇಬಿಡುತ್ತದೆ ಎನ್ನುವಷ್ಟು.

“ಯಾಕ ನಿಂತಿ? ನಡಿಯವಾ ಲಗೂನ,” ಎಂದಳು ನೀಲವ್ವ. ದನಿಯಲ್ಲಿ ಎಳ್ಳಷ್ಟೂ ಅಳುಕಿಲ್ಲ.

ಮಗಳು ಗೇರು ಬದಲಿಸಿದಳು. ಆಟೊ ತಿರುಗಿತು.

ಈಗ ನನಗೆ ವಯಸ್ಸಾಗಿದೆ. ಮೋಟಾರುಗಳು ಸುಟ್ಟುಹೋಗಿವೆ. ಅದೇ ಆಟೊದ ಸೀಟಿನ ಕೆಳಗೆ ನಟ್ಟು ಬಿಗಿಯುವ ಪಾನಾ, ಎಣ್ಣೆಬಟ್ಟೆಗಳ ಜೊತೆ ಬಿದ್ದುಕೊಂಡು ಹುಬ್ಬಳ್ಳಿಯ ಗುಂಡಿಗಳ ಕೃಪೆಯಿಂದ ಇನ್ನೂ ಕುಲುಕುತ್ತಿದ್ದೇನೆ. ಸವಾರಿ ಸಿಗದೆ ಸ್ಟ್ಯಾಂಡಿನಲ್ಲಿ ನಿಂತಾಗ ಶಿವಲೀಲಾ ನನ್ನನ್ನು ತೆಗೆದು ಸುಮ್ಮನೆ ಒತ್ತುತ್ತಾಳೆ. ನನ್ನ ಬೆನ್ನಿನ ಬಿರುಕು ಮೊನ್ನೆ ಅವಳ ಕಣ್ಣಿಗೆ ಬಿತ್ತು. ಯಾವಾಗ ಒಡೆಯಿತೋ, ಎಲ್ಲಿ ಬಿದ್ದಿತ್ತೋ ಎಂದು ಗೊಣಗಿಕೊಂಡಳು. ನಾನು ಎಲ್ಲೂ ಬಿದ್ದಿರಲಿಲ್ಲ. ಆ ತಿರುವಿನಲ್ಲಿ ನೀಲವ್ವ ಸೆರಗಿನ ಮರೆಯಲ್ಲಿ ನನ್ನನ್ನು ಹಿಡಿದಿದ್ದಳಲ್ಲ, ಆ ಮುಷ್ಟಿಯ ಬಿಗಿಗೆ ಬಿಟ್ಟ ಬಿರುಕು ಅದು.