ಪಟ್ಟಿಯಲ್ಲಿಲ್ಲದ ಸದ್ದು

"ಇನ್ನೈದೇ ನಿಮಿಷ ಬಿಲ್ಕೀಸ್, ಅಲ್ಲಾಡ್ಬೇಡ," ಎಂದಿತು ಹೆಡ್‌ಫೋನಿನಲ್ಲಿ ಜಗನ್‌ನ ದನಿ.

ಹತ್ತು ನಿಮಿಷದ ಹಿಂದೆಯೂ ಅವನು ಅದನ್ನೇ ಹೇಳಿದ್ದ. ಎಂ.ಆರ್.ಐ. ಯಂತ್ರದ ಕೊಳವೆಯೊಳಗೆ ಅಂಗಾತ ಮಲಗಿದ್ದ ಬಿಲ್ಕೀಸ್ ಮನಸ್ಸಿನಲ್ಲೇ ನಿಮಿಷ ಎಣಿಸತೊಡಗಿದಳು. ಹಲಸೂರಿನ ಆ ಸ್ಕ್ಯಾನ್ ಸೆಂಟರಿನಲ್ಲಿ ಅವಳೂ ಜಗನ್‌ನಂತೆ ಟೆಕ್ನಿಷಿಯನ್. ಆರು ವರ್ಷ ಗಾಜಿನಾಚೆ ಕೂತು ಕೆಲಸ ಮಾಡಿದವಳು ಇವತ್ತು ಮೊದಲ ಸಲ ಒಳಗೆ ಮಲಗಿದ್ದಳು. ಮಿದುಳು ಮತ್ತು ಹೃದಯದ ಕಾಯಿಲೆಗಳಿಗಿರುವ ನಂಟಿನ ಬಗ್ಗೆ ಡಾಕ್ಟರ್ ಸುಕನ್ಯ ಅಧ್ಯಯನ ನಡೆಸುತ್ತಿದ್ದರು. ರೋಗಿಗಳ ಚಿತ್ರಗಳೊಂದಿಗೆ ಹೋಲಿಸಲು ಆರೋಗ್ಯವಂತರೂ ಬೇಕಿದ್ದರು. "ನಂಗೆ ಬಿಪಿ ಇಲ್ಲ, ಶುಗರ್ ಇಲ್ಲ. ನಾನೇ ಮಲ್ಕೋತೀನಿ ಮೇಡಂ," ಎಂದು ಬೆಳಿಗ್ಗೆ ನಗುತ್ತ ಒಪ್ಪಿಕೊಂಡಿದ್ದಳು.

ಹೃದಯದ್ದು ಮುಗಿದಿತ್ತು. ಮಿದುಳಿನದ್ದೂ ಇಷ್ಟು ಹೊತ್ತಿಗೆ ಮುಗಿದಿರಬೇಕಿತ್ತು. ಆದರೆ ಯಂತ್ರ ಮತ್ತೆ ಶುರುವಾಯಿತು. ಈ ಸಲದ ಸದ್ದು ಬೇರೆ, ಒಂದೇ ಸಮನೆ ಗುಂಯ್‌ಗುಡುವಂಥದು. ಇದು ತಲೆಯ ರಕ್ತನಾಳಗಳನ್ನು ನೋಡುವ ಸ್ಕ್ಯಾನ್. ಇವತ್ತಿನ ಸ್ಕ್ಯಾನ್‌ಗಳ ಪಟ್ಟಿ ಬರೆದವಳು ಅವಳೇ. ಅದರಲ್ಲಿ ಇದು ಇರಲಿಲ್ಲ.

ತುರ್ತಿಗೆಂದು ಕೈಗೆ ಕೊಟ್ಟಿದ್ದ ರಬ್ಬರ್ ಬಲ್ಬು ಒತ್ತಿದರೆ ಜಗನ್ ಎಲ್ಲವನ್ನೂ ನಿಲ್ಲಿಸುತ್ತಿದ್ದ. ಒತ್ತಿಬಿಡಬೇಕೆನ್ನಿಸಿತು. ಶಿವಾಜಿನಗರದ ಮನೆಯಲ್ಲಿ ಹಿಟ್ಟು ನಾದುತ್ತಿದ್ದ ಅಮ್ಮಿ ತಲೆ ಹಿಡಿದುಕೊಂಡು ಕುಸಿದದ್ದು ನೆನಪಾಯಿತು. ಆಗ ಅಮ್ಮಿಗೆ ನಲವತ್ತೊಂದು. ತಲೆಯೊಳಗೆ ನರ ಒಡೆದಿದೆ ಎಂದಿದ್ದರು ಡಾಕ್ಟರು. ಬಿಲ್ಕೀಸ್ ಬಲ್ಬನ್ನು ಸುಮ್ಮನೆ ಹಿಡಿದುಕೊಂಡಳು. ಸದ್ದು ನಿಲ್ಲುವವರೆಗೂ ಕದಲಲಿಲ್ಲ.

ಮಲಗಿದ್ದ ಮೇಜು ಕೊಳವೆಯಿಂದ ಹೊರಗೆ ಸರಿದಾಗ ಜಗನ್ ಅವಳ ಮುಖ ನೋಡಲಿಲ್ಲ. "ಮೊದಲ್ನೇದು ಸರಿಯಾಗಿ ಬರ್ಲಿಲ್ಲ, ಅದಕ್ಕೇ..."

"ಸುಳ್ಳು ಹೇಳ್ಬೇಡ ಜಗನ್. ಪೇಷೆಂಟ್‌ಗಳಿಗೆ ನಾನೂ ಇದನ್ನೇ ಹೇಳೋದು."

ಅವಳು ಬರಿಗಾಲಲ್ಲೇ ಪಕ್ಕದ ಕೋಣೆಗೆ ನಡೆದಳು. ಸುಕನ್ಯ ಕಂಪ್ಯೂಟರ್ ಪರದೆಗೆ ಅಡ್ಡವಾಗಿ ಎದ್ದು ನಿಂತರು.

"ಕೂತ್ಕೋ ಬಿಲ್ಕೀಸ್. ಮೊದ್ಲು ನೀರು ಕುಡಿ."

"ತೋರ್ಸಿ ಮೇಡಂ."

ಅವರು ಪಕ್ಕಕ್ಕೆ ಸರಿದರು. ಕಪ್ಪಿನ ನಡುವೆ ಬೆಳ್ಳಗೆ ಕವಲೊಡೆದ ನಾಳಗಳು. ಒಂದು ಕವಲಿನ ಬುಡದಲ್ಲಿ ಮೆಣಸಿನ ಕಾಳಿನಷ್ಟು ಉಬ್ಬು. ಯಾರೂ ವಿವರಿಸಬೇಕಿರಲಿಲ್ಲ. ಅವಳೇ ಮೌಸ್ ಹಿಡಿದು ಉಬ್ಬಿನ ಅಡ್ಡಕ್ಕೆ ಗೆರೆ ಎಳೆದು ಅಳತೆ ನೋಡಿದಳು. ಐದು ಮಿಲಿಮೀಟರ್.

"ಒಡೆದಿಲ್ಲ ಕಣಮ್ಮಾ. ಅದಕ್ಕೆ ಮುಂಚೇನೇ ಸಿಕ್ಕಿದೆ," ಎಂದರು ಸುಕನ್ಯ. "ಸರ್ಜನ್ ಹತ್ರ ನಾನೇ ಮಾತಾಡ್ತೀನಿ. ನಾಳೆನೇ ಹೋಗೋಣ."

ಬಿಲ್ಕೀಸ್ ಮೌಸ್ ಬಿಟ್ಟು ಅವರತ್ತ ತಿರುಗಿ, "ನಮ್ಮಮ್ಮಂಗೂ ಹೀಗೇ ಆಗಿತ್ತು ಮೇಡಂ. ನಂಗೊಬ್ಳು ಅಕ್ಕ ಇದಾಳೆ," ಎಂದಳು.

"ಇವತ್ತೇ ಕರೆಸು. ಅವಳ ತಲೆನೂ ಸ್ಕ್ಯಾನ್ ಮಾಡಿಬಿಡೋಣ."

ರಿಸೆಪ್ಷನ್ನಿನ ಫೋನು ತೆಗೆದುಕೊಂಡು ಕೆ.ಆರ್. ಪುರದಲ್ಲಿದ್ದ ಅಕ್ಕ ಶಮೀಮಳಿಗೆ, ಈಗಲೇ ಹೊರಟು ಬಾ ಎಂದಷ್ಟೇ ಹೇಳಿದಳು. ಒಂದೂವರೆ ಗಂಟೆಯ ಮೇಲೆ ಬಸ್ಸಿಳಿದು ಬೆವರುತ್ತ ಬಂದ ಶಮೀಮ್ ತಂಗಿಯ ಹಣೆ ಮುಟ್ಟಿ ನೋಡಿದಳು. ಬಿಲ್ಕೀಸ್ ಎಲ್ಲವನ್ನೂ ಹೇಳಿದಳು.

ಯಂತ್ರದ ಹತ್ತಿರ ಲೋಹ ಕೂಡದು ಎಂದಾಗ ಶಮೀಮ್ ಓಲೆ, ಬಳೆಗಳನ್ನು ತಾನೇ ತೆಗೆದಳು. ಮದುವೆಯಾದಂದಿನಿಂದ ಬಿಚ್ಚದ ಮೂಗುಬೊಟ್ಟಿನ ತಿರುಪು ಬಿಗಿದುಹೋಗಿತ್ತು. ಬಿಲ್ಕೀಸ್ ಸೋಪಿನ ನೊರೆ ಹಚ್ಚಿ, ಉಗುರಿನ ತುದಿಯಿಂದ ಮೆಲ್ಲಗೆ ತಿರುಗಿಸತೊಡಗಿದಳು. ಅಕ್ಕ ಕಣ್ಣು ಮುಚ್ಚಿಕೊಂಡು ಮುಖವನ್ನು ಅವಳ ಕೈಗೆ ಒಪ್ಪಿಸಿ ನಿಂತಿದ್ದಳು.