ಬುಟ್ಟಿಯಲ್ಲಿ ಮೂರು ಕೋಳಿ

ತಿಳವಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಫಕ್ಕೀರವ್ವ ಸವಣೂರಿನ ಬಸ್ಸಿಗೆ ಕಾಯುತ್ತಿದ್ದಳು. ಊರಲ್ಲಿ ಮತ್ತೆ ಕೊಕ್ಕರೆ ರೋಗ ಬಂದು ಕೋಳಿಗಳು ಸಾಯುತ್ತಿದ್ದವು. ಇನ್ನೂ ಗಟ್ಟಿಯಾಗಿದ್ದ ಮೂರನ್ನು ಬುಟ್ಟಿಯಲ್ಲಿಟ್ಟು ಕಿರಿಮಗಳ ಮನೆಗೆ ಸಾಗಿಸುವುದಿತ್ತು. ರೋಗ ಬಂದಾಗ ಒಳ್ಳೆಯ ಕೋಳಿಗಳನ್ನು ಬೀಗರೂರಿಗೆ ಕಳಿಸುವುದು ಅವಳ ಅವ್ವನ ಕಾಲದಿಂದ ಬಂದ ರೂಢಿ. ಎರಡು ತಿಂಗಳ ಹಿಂದೆ ಹೀಗೆಯೇ ಅಬಲೂರಿನ ಹಿರಿಮಗಳಿಗೆ ಎರಡು ಕೊಟ್ಟು ಬಂದಿದ್ದಳು. ಎಂಟು ದಿನದಲ್ಲಿ ಆ ಮನೆಯ ಕೋಳಿಗಳೆಲ್ಲ ಸತ್ತವು. "ಸೊಸಿ ಕಾಲ್ಗುಣ" ಎಂದು ಅಲ್ಲಿಯ ಅತ್ತೆ ಇಂದಿಗೂ ಹಂಗಿಸುತ್ತಿದ್ದಳು.

ಪಶುವೈದ್ಯೆ ದೀಪ್ತಿ ಸ್ಕೂಟರ್ ನಿಲ್ಲಿಸಿ ಹತ್ತಿರ ಬಂದಳು. ಎರಡೂ ಊರಿನ ಸತ್ತ ಕೋಳಿಗಳ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದವಳು ಅವಳೇ.

"ವರದಿ ಬಂತ್ರಿ ಯವ್ವಾ. ವೈರಸ್ಸಿನ ವಂಶವಾಹಿ ಹೋಲಿಸಿ ನೋಡ್ಯಾರ. ಇಲ್ಲಿದೂ ಅಬಲೂರಿದೂ ಒಂದ ಬಳ್ಳಿ ಕಾಯಿ. ಯಾರೋ ಇಲ್ಲಿಂದ ಕೋಳಿ ಒಯ್ದಾರ."

"ನಾ ಒಯ್ದವು ಗಟ್ಟಿ ಇದ್ದೂವ್ರಿ!"

"ನೋಡಾಕ ಗಟ್ಟಿನ ಇರ್ತಾವ. ರೋಗ ಒಳಗಿರ್ತೈತಿ."

ಬುಟ್ಟಿಯೊಳಗೆ ಒಂದು ಕೋಳಿ ಕೊಕ್ ಎಂದಿತು. ಫಕ್ಕೀರವ್ವ ಅದರ ಮೇಲೆ ಸೆರಗು ಮುಚ್ಚಿದಳು. ಅಬಲೂರಿನ ಬೀಗರಿಗೆ ಹೇಳಿದರೆ ಮತ್ತೆ ಆ ಮನೆಯಲ್ಲಿ ತಲೆಯೆತ್ತುವಂತಿಲ್ಲ. ಹೇಳದಿದ್ದರೆ ಮಗಳ ಮೇಲಿನ ಮಾತು ಹೋಗುವುದಿಲ್ಲ.

ಬಸ್ಸು ಬಂತು. "ಹತ್ತತೀಯೇನಬೇ? ಕೋಳಿಗೂ ಟಿಕೇಟ್ ಐತಿ ನೋಡು!" ಎಂದು ಕಂಡಕ್ಟರ್ ಕೂಗಿದ.

"ನೀ ಹೋಗಪಾ."

ಬಸ್ಸು ಹೋದ ಮೇಲೆ ಅವಳು ದೀಪ್ತಿಯತ್ತ ತಿರುಗಿದಳು. "ಆ ಕಾಗದ ನನಗೊಂದು ಕೊಡ್ರಿ ಬಾಯಾರ. ಇವನ್ನ ಮನಿಯಾಗ ಬಿಟ್ಟು ಅಬಲೂರಿಗೆ ಹೋಗ್ತೇನಿ. ಬರೇ ಕೈಲೇ."